ಒಂದೇ ಸ್ವಿಚ್ಚಿನ ನಾಲ್ಕು ಊರು

"ಮನೆ, ಮಗು, ಲ್ಯಾಬು, ಅದ್ರ ಮ್ಯಾಲೆ ಎಂ.ಸಿ.ಎ. ಬೇರೆ. ಇಷ್ಟೂ ಒಂದೇ ತಲೇಲಿ ಓಡಾಕಿಲ್ಲ ಕಣಮ್ಮ. ಇದು ಆಗೋ ಮಾತಲ್ಲ" ಎಂದು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನ ಆಫೀಸ್ ಸೂಪರಿಂಟೆಂಡೆಂಟ್ ಮಹದೇವಪ್ಪನವರು. ಅವರು ಕೆಟ್ಟವರಲ್ಲ. ಹಣೆಯ ತುಂಬ ವಿಭೂತಿ, ಜೇಬಿನ ತುಂಬ ಪೆನ್ನು, ಬಾಯಿ ತುಂಬ ಭವಿಷ್ಯ. ಯಾರ ಬೋರ್‌ವೆಲ್ಲಿನಲ್ಲಿ ನೀರು ಬರುವುದಿಲ್ಲ, ಯಾವ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ, ಯಾವ ಲೆಕ್ಚರರು ವರ್ಷ ತುಂಬುವ ಮುಂಚೆ ಕೆಲಸ ಬಿಡುತ್ತಾರೆ ಎಂಬುದನ್ನೆಲ್ಲ ಮೊದಲೇ ಹೇಳುತ್ತಾರೆ. ಬಹಳಷ್ಟು ತಪ್ಪುತ್ತದೆ. ಆದರೆ ಸರಿಯಾದ ಒಂದೆರಡನ್ನು ಅವರು ವರ್ಷಗಟ್ಟಲೆ ನೆನಪಿಸುವುದರಿಂದ ತಪ್ಪಿದ್ದು ಯಾರಿಗೂ ನೆನಪಿರುವುದಿಲ್ಲ. ನನ್ನ ವಿಷಯದಲ್ಲಿ ಮಾತ್ರ ಅವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಕೆಲವರು ಹಿರಿಯರ ಆಶೀರ್ವಾದದಿಂದ ಮುಂದೆ ಬರುತ್ತಾರೆ. ನಾನು ಬಂದದ್ದು "ಆಗಲ್ಲ" ಎಂಬ ಮಾತಿನಿಂದ. ಭತ್ತಕ್ಕೆ ಗೊಬ್ಬರ ಹೇಗೋ ನನಗೆ ಆ ಮಾತು ಹಾಗೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಕಾಲೇಜು ಕಂಡವರು ತೀರಿಕೊಂಡ ನಮ್ಮಪ್ಪ ಒಬ್ಬರೇ. ಅವರು ಅದರ ಕಾಂಪೌಂಡಿಗೆ ಕಲ್ಲು ಹೊತ್ತಿದ್ದರು. ಅದೇ ಕಾಂಪೌಂಡಿನ ಒಳಗೆ ಕೂತು ನಾನು ಬಿ.ಎಸ್ಸಿ. ಮಾಡಿದೆ. ಇದನ್ನು ನಾನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ. ಕೇಳುವವರಿಗೆ ಸಂಕೋಚವಾದರೆ ಅದು ಅವರ ಪಾಡು.

ನಾನು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ಹುಡುಗಿ. ಮದುವೆಯಾಗಿ ನಂಜನಗೂಡಿಗೆ ಬಂದೆ. ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ. ಅದೇ ಆಡಳಿತ ಮಂಡಳಿಗೆ ಸೇರಿದ ಇನ್ನೊಂದು ಕಾಲೇಜು ನರಸೀಪುರದಲ್ಲಿದೆ. ಕೆಲಸ ಮಾಡುತ್ತಲೇ, ನಮ್ಮ ಕಾಲೇಜಿನಲ್ಲೇ ಇದ್ದ ಅಧ್ಯಯನ ಕೇಂದ್ರದ ಮೂಲಕ ದೂರಶಿಕ್ಷಣದಲ್ಲಿ ಎಂ.ಸಿ.ಎ.ಗೆ ಸೇರಿಕೊಂಡೆ. ನಡುವೆ ಬಾಣಂತನ, ಅತ್ತೆಯ ಆಪರೇಷನ್ನು, ನನ್ನದೇ ಟೈಫಾಯಿಡ್ಡು ಎಲ್ಲ ಬಂದು ಹೋಗಿ, ಕೊನೆಗೆ ಉಳಿದದ್ದು ಪ್ರಾಜೆಕ್ಟು ಮತ್ತು ಅದರ ವೈವಾ. ಅಷ್ಟರಲ್ಲಿ ನನ್ನ ನೋಂದಣಿಯ ಅವಧಿಯೂ ಮುಗಿಯುತ್ತಾ ಬಂದಿತ್ತು. ಈ ವೈವಾದಲ್ಲಿ ತೇರ್ಗಡೆಯಾದರೆ ಡಿಗ್ರಿ. ಇಲ್ಲದಿದ್ದರೆ ಇಷ್ಟು ವರ್ಷ ಓದಿದ್ದೆಲ್ಲ ಕಪಿಲಾ ನದಿಗೆ. ನಾನು ಆರಿಸಿಕೊಂಡ ವಿಷಯ, ಹಂಚಿ ಮಾಡುವ ಗಣಕ ಕೆಲಸದಲ್ಲಿ ವರ್ಚುಯಲ್ ಮಷಿನ್ನುಗಳನ್ನು ಬಳಸುವುದರ ಅನುಕೂಲ ಮತ್ತು ಅನನುಕೂಲ. ಆರಿಸಿಕೊಂಡೆ ಎನ್ನುವುದು ದೊಡ್ಡ ಮಾತು. ಹಂಚಿ ಮಾಡುವ ಕೆಲಸಕ್ಕೆ ನಾಲ್ಕು ಒಳ್ಳೆಯ ಕಂಪ್ಯೂಟರ್ ಬೇಕು. ನಮ್ಮ ಲ್ಯಾಬಿನಲ್ಲಿ ಒಳ್ಳೆಯದು ಎನ್ನಬಹುದಾದದ್ದು ಒಂದೇ ಇತ್ತು. ಉಳಿದವು ಬೆಳಿಗ್ಗೆ ಆನ್ ಮಾಡಿದರೆ ಕಾಫಿ ಕುಡಿದು ಬರುವ ಹೊತ್ತಿಗೆ ಕಣ್ಣು ಬಿಡುವಂಥವು.

ಇದೇನಪ್ಪ ಎಂದು ಗಾಬರಿಯಾಗುವವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ನಮ್ಮ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು. ಇವತ್ತು ನಿಮ್ಮ ಗದ್ದೆಗೆ ನಾವೆಲ್ಲ ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವೆಲ್ಲ ಬನ್ನಿ ಎಂಬ ಒಪ್ಪಂದ. ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ಪಟ್ಟಿ ನೆಡುತ್ತಾರೆ. ಒಬ್ಬಳಿಗೆ ಸೊಂಟ ಹಿಡಿದು ಬದುವಿನ ಮೇಲೆ ಕೂತರೆ ಅವಳ ಪಟ್ಟಿಯನ್ನು ಅಕ್ಕಪಕ್ಕದವರು ಮುಗಿಸುತ್ತಾರೆ. ಸಂಜೆಗೆ ಗದ್ದೆ ಹಸಿರು. ಹಂಚಿ ಮಾಡುವ ಗಣಕ ಕೆಲಸವೆಂದರೆ ಇಷ್ಟೇ, ಹೆಂಗಸರ ಬದಲು ಕಂಪ್ಯೂಟರುಗಳು. ವರ್ಚುಯಲ್ ಮಷಿನ್ನು ಎಂದರೆ ಒಂದೇ ಕಂಪ್ಯೂಟರಿನ ಹೊಟ್ಟೆಯೊಳಗೆ ನಾಲ್ಕು ಕಂಪ್ಯೂಟರ್ ಇವೆ ಎಂದು ನಂಬಿಸುವ ವಿದ್ಯೆ. ಒಂದೊಂದಕ್ಕೂ ತನ್ನದೇ ಹೆಸರು, ತನ್ನದೇ ಪಾಲಿನ ಮೆಮೊರಿ, ತನ್ನದೇ ಠೀವಿ. ಪಕ್ಕದಲ್ಲಿ ಇನ್ನೊಬ್ಬರಿದ್ದಾರೆಂಬುದು ಅವಕ್ಕೆ ಗೊತ್ತೇ ಇರುವುದಿಲ್ಲ. ಒಂದೇ ಮನೆಯಲ್ಲಿ ಗೋಡೆ ಎಬ್ಬಿಸಿಕೊಂಡು ನಾಲ್ಕು ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ ಅನ್ನಿ. ವ್ಯತ್ಯಾಸವೆಂದರೆ ಇವು ಜಗಳವಾಡುವುದಿಲ್ಲ.

ನಾನು ನನ್ನ ನಾಲ್ಕು ಮಷಿನ್ನುಗಳಿಗೆ ಹುಲ್ಲಹಳ್ಳಿ, ಹೆಡತಲೆ, ಹೆಮ್ಮಿಗೆ, ಸೋಸಲೆ ಎಂದು ಹೆಸರಿಟ್ಟೆ. ಮೊದಲೆರಡು ನಂಜನಗೂಡು ತಾಲ್ಲೂಕಿನವು, ಉಳಿದೆರಡು ನರಸೀಪುರದವು. ಗಂಡನ ಮನೆಗೂ ತವರಿಗೂ ಸಮಪಾಲು. ಕಾಲೇಜಿನ ಲೈಬ್ರರಿಗೆ ಯಾರೋ ಪುಣ್ಯಾತ್ಮರು ಕೊಟ್ಟ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ್ದೆವು. ಆ ಪುಟಗಳ ಚಿತ್ರವನ್ನು ಓದಿ ಅಕ್ಷರಗಳಾಗಿ ಬದಲಾಯಿಸುವುದು ಈ ನಾಲ್ಕು ಊರುಗಳ ಕೆಲಸ. ಹುಲ್ಲಹಳ್ಳಿ ಒಂದು ಪುಟ ತೆಗೆದುಕೊಂಡರೆ ಹೆಡತಲೆ ಮುಂದಿನದು. ಯಾರಾದರೂ ಕೈಕೊಟ್ಟರೆ ಅವರ ಪುಟ ಇನ್ನೊಬ್ಬರಿಗೆ. ಒಂದು ಸಲ ಬಸ್ಸಿನಲ್ಲಿ ಬರುತ್ತಾ ಫೋನಿನಲ್ಲಿ ನನ್ನ ಪ್ರಾಜೆಕ್ಟಿನ ಗೈಡ್‌ಗೆ, "ಸಾರ್, ಹುಲ್ಲಹಳ್ಳಿನ ಸಾಯಿಸ್ಬಿಟ್ಟೆ, ಏನೂ ತೊಂದ್ರೆ ಆಗ್ಲಿಲ್ಲ, ಹೆಡತಲೆ ನೋಡ್ಕೊಳ್ತು" ಎಂದು ವರದಿ ಒಪ್ಪಿಸುತ್ತಿದ್ದೆ. ಮುಂದಿನ ಸೀಟಿನ ಯಜಮಾನರೊಬ್ಬರು ಟವೆಲ್ ಸರಿಮಾಡಿಕೊಂಡು ತಿರುಗಿದರು. "ಅಲ್ಲ ಕಣವ್ವ, ನಮ್ಮೂರು ನಿಂಗೇನ್ ಮಾಡಿತ್ತು?" ನಾನು ಕ್ಷಮೆ ಕೇಳಿ, ಈಗ ಮತ್ತೆ ಎಬ್ಬಿಸಿದ್ದೇನೆ ಎಂದೆ. ಅವರು ನಂಜನಗೂಡು ಬರುವವರೆಗೂ ಮತ್ತೆ ತಿರುಗಲಿಲ್ಲ.

ಅನುಕೂಲಗಳೇನು ಕಡಿಮೆಯೇ? ಮಷಿನ್ನು ಬೇಕೆಂದಾಗ ಹುಟ್ಟುತ್ತದೆ, ಬೇಡವೆಂದಾಗ ಅಳಿಸಬಹುದು. ಕೆಲಸ ಕೆಡುವ ಮುಂಚೆ ಅದರ ಸ್ಥಿತಿಯನ್ನು ಇದ್ದ ಹಾಗೇ ಹಿಡಿದಿಟ್ಟುಕೊಂಡರೆ, ಕೆಟ್ಟ ಮೇಲೆ ಒಂದು ಗುಂಡಿ ಒತ್ತಿ ನಿನ್ನೆಗೆ ಹೋಗಿಬಿಡಬಹುದು. ಈ ಸೌಲಭ್ಯ ಸಂಸಾರದಲ್ಲಿ ಇದ್ದಿದ್ದರೆ ನಾನು ಎಷ್ಟು ಸಲ ಸಾರಿಗೆ ಉಪ್ಪು ಹಾಕುವ ಮುಂಚಿನ ಗಳಿಗೆಗೆ ಹೋಗುತ್ತಿದ್ದೆನೋ! ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಇಡೀ ಮಷಿನ್ನೇ ಒಂದು ಫೈಲು. ನಕಲು ಮಾಡಿ ಎತ್ತಿಕೊಂಡು ಹೋಗಬಹುದು. ನರಸೀಪುರದ ಕಾಲೇಜಿನ ಲ್ಯಾಬು ನೋಡಿಕೊಳ್ಳುವ ಶೈಲಜಾ ನನ್ನ ಬಿ.ಎಸ್ಸಿ. ಗೆಳತಿ. ಅವಳಿಗೆ ತೋರಿಸಿ ಹೊಟ್ಟೆ ಉರಿಸೋಣವೆಂದು ಒಂದು ದಿನ ನಾಲ್ಕು ಊರನ್ನೂ ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು, ಅದನ್ನು ಊಟದ ಡಬ್ಬಿಯ ಪಕ್ಕ ಇಟ್ಟು ಬಸ್ಸು ಹತ್ತಿದೆ. ಕಂಡಕ್ಟರು "ಲಗೇಜ್ ಏನಾರಾ ಇದ್ದಾವಮ್ಮ?" ಎಂದರು. "ನಾಲ್ಕು ಕಂಪ್ಯೂಟರ್ ಇದೆ" ಎಂದೆ. ಅವರು ಸೀಟಿನ ಕೆಳಗೆ ಬಗ್ಗಿ ನೋಡಿ, ನನ್ನ ಮುಖ ನೋಡಿ, ಟಿಕೆಟ್ ಹರಿದುಕೊಟ್ಟು ಬೇಗ ಮುಂದಕ್ಕೆ ಹೋದರು. ಶೈಲಜಾ ಅವುಗಳನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು, "ಇಷ್ಟೇಯೇನೇ? ನಾನೇನೋ ಅಂದ್ಕೊಂಡಿದ್ದೆ" ಎಂದಳು. ಹೊಟ್ಟೆ ಉರಿದದ್ದು ನನಗೆ.

ಅನನುಕೂಲದ ಅಧ್ಯಾಯವನ್ನು ನಾನು ಚಿಕ್ಕದಾಗಿ ಬರೆದು ಮುಗಿಸಿದ್ದೆ. ನಾಲ್ಕು ಊರು ಚೆನ್ನಾಗಿ ನಡೆಯುತ್ತಿವೆ ಎಂಬ ಹುಮ್ಮಸ್ಸಿನಲ್ಲಿ ಎಂಟು ಮಾಡಿದೆ. ನಾಲ್ಕು ಜನಕ್ಕೆ ಮಾಡಿದ ಮುದ್ದೆಗೆ ಎಂಟು ಜನ ಕೂತಂತಾಯಿತು. ಎಲ್ಲರೂ ತಟ್ಟೆ ಮುಂದಿಟ್ಟುಕೊಂಡು ಕಾಯುವುದೇ ಕೆಲಸ. ಪುಟ ಮುಂದಕ್ಕೆ ಹೋಗಲಿಲ್ಲ. ಮತ್ತೆ ನಾಲ್ಕಕ್ಕೆ ಇಳಿಸಿದೆ. ಇಷ್ಟನ್ನು ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ, ನಾಲ್ಕರಲ್ಲಿ ಯಾವುದೇ ಒಂದು ನಿಂತರೂ ಈ ವ್ಯವಸ್ಥೆಯ ಕೆಲಸ ನಿಲ್ಲುವುದಿಲ್ಲ ಎಂದು ಸೇರಿಸಿದೆ. ಆ ದಪ್ಪ ಅಕ್ಷರವೇ ನನಗೆ ಮುಳುವಾಯಿತು.

ದಸರಾ ರಜೆಗೆ ಮುಂಚಿನ ದಿನ ಕಾಲೇಜಿನಲ್ಲಿ ಆಯುಧಪೂಜೆ. ನಮ್ಮ ಕಾಲೇಜಿನ ಪದ್ಧತಿ ಏನೆಂದರೆ ಅವತ್ತು ಆಯುಧಗಳಿಗೆಲ್ಲ ವಿಶ್ರಾಂತಿ. ಕುಂಕುಮ ಇಟ್ಟ ಮೇಲೆ ರಜೆ ಮುಗಿದು ಪೂಜೆ ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ. ಪ್ರಿನ್ಸಿಪಾಲರ ಬೆಲ್ಲಿನಿಂದ ಹಿಡಿದು ಕತ್ತರಿ, ಸ್ಟೇಪ್ಲರಿನವರೆಗೆ ಎಲ್ಲಕ್ಕೂ ಅದೇ ಮರ್ಯಾದೆ. ಅಟೆಂಡರ್ ಸಿದ್ದರಾಜು ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಒರೆಸಿ ಚೆಂಡುಹೂ ಇಟ್ಟಿದ್ದ. ನನ್ನ ಮೂಲೆಯ ಕಂಪ್ಯೂಟರು ಮಾತ್ರ ಪುಟ ಓದುತ್ತಾ ಗುಂಯ್‌ಗುಡುತ್ತಿತ್ತು. ರಜೆ ಮುಗಿದ ವಾರವೇ ವೈವಾ. ಅಷ್ಟರೊಳಗೆ ಪುಸ್ತಕಗಳೆಲ್ಲ ಮುಗಿಯಬೇಕೆಂದು ನಾನು ಅದನ್ನು ನಿಲ್ಲಿಸಿರಲಿಲ್ಲ.

"ಮೇಡಮ್ಮೋರೆ, ಇದೊಂದು ಇನ್ನೂ ದುಡೀತಾ ಅದಲ್ಲ? ಮಂಗಳಾರತಿ ಎಂಗೆ ಎತ್ತದು?" ಎಂದು ಸಿದ್ದರಾಜು ಕೇಳಿದ.

ಮಹದೇವಪ್ಪನವರು ಶಲ್ಯ ಹೊದ್ದು ಬಾಗಿಲಲ್ಲಿ ನಿಂತಿದ್ದರು. "ಎತ್ತಿಗೂ ಒಂದಿನ ನೊಗ ಇಳಿಸ್ತೀವಿ ಕಣಮ್ಮ. ದುಡೀತಿರೋ ಆಯುಧಕ್ಕೆ ಪೂಜೆ ಸಲ್ಲಾಕಿಲ್ಲ."

ಇಂಥ ಗಳಿಗೆಗೇ ಕಾದಿದ್ದವಳಂತೆ ನಾನು ಎದೆ ಸೆಟೆಸಿದೆ. "ಸಾರ್, ನನ್ನ ಸಿಸ್ಟಮ್ಮಿನ ದೊಡ್ಡಸ್ತಿಕೆನೇ ಅದು. ಇಲ್ಲಿ ನಾಲ್ಕು ಮಷಿನ್ ಓಡ್ತಾ ಇವೆ. ಯಾವುದಾದ್ರೂ ಒಂದು ನಿಲ್ಸಿ, ಕೆಲ್ಸ ನಿಲ್ಲಲ್ಲ. ಬೇಕಾದ್ರೆ ಪರೀಕ್ಷೆ ಮಾಡಿ."

"ಒಂದು ನಿಲ್ಸುದ್ರೆ ಸಾಕಾ?"

"ಸಾಕು ಸಾರ್. ಯಾವುದಾದ್ರೂ ಸರಿ."

"ಅಂಗಾದ್ರೆ ಒಂದಕ್ಕಾರಾ ವಿಶ್ರಾಂತಿ ಸಿಗ್ಲಿ. ಸಿದ್ದ, ಒಂದು ನಿಲ್ಸ್ಲಾ."

ನಾಲ್ಕರಲ್ಲಿ ಯಾವುದನ್ನು ಮಲಗಿಸೋಣ, ಸೋಸಲೆಯನ್ನೇ ಮಲಗಿಸೋಣ ಎಂದುಕೊಳ್ಳುತ್ತಾ ನಾನು ಕೈಯಲ್ಲಿದ್ದ ಕುಂಕುಮದ ತಟ್ಟೆಯನ್ನು ಮೇಜಿನ ಮೇಲಿಡಲು ತಿರುಗಿದೆ. ಪಾಪ, ಸಿದ್ದರಾಜುವಿನ ಕಣ್ಣಿಗೆ ಅಲ್ಲಿ ಓಡುತ್ತಿದ್ದದ್ದು ಒಂದೇ ಪೆಟ್ಟಿಗೆ. ಅವನು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಭಕ್ತಿಯಿಂದ ಗೋಡೆಯ ಸ್ವಿಚ್ಚು ಆರಿಸಿ, ಪೆಟ್ಟಿಗೆಯ ನೆತ್ತಿಗೆ ಕುಂಕುಮ ಇಟ್ಟುಬಿಟ್ಟ. ಗುಂಯ್ ಎನ್ನುವ ಸದ್ದು ನಿಂತಿತು. ಎರಡು ತಾಲ್ಲೂಕಿನ ನಾಲ್ಕು ಊರುಗಳು ಒಂದೇ ಉಸಿರಿಗೆ ಹೋದವು.

ಮಹದೇವಪ್ಪನವರು ಅತ್ತ ಇತ್ತ ನೋಡಿದರು. "ಕೆಲ್ಸ ನಿಲ್ಲಾಕಿಲ್ಲ ಅಂದ್ಯಲ್ಲಮ್ಮ. ಈಗ ಎಲ್ಲಿ ನಡೀತಾ ಅದೆ?"

ನನ್ನ ಕೈ ತಾನಾಗಿ ಸ್ವಿಚ್ಚಿನ ಕಡೆಗೆ ಹೋಯಿತು. "ಉಂಹೂಂ, ಮುಟ್ಟಂಗಿಲ್ಲ. ಕುಂಕುಮ ಬಿತ್ತು. ಇನ್ನು ಪೂಜೆ ಎತ್ತೋಗಂಟ ಅದು ದೇವ್ರು" ಎಂದರು. ನಾನು ವಾದ ಮಾಡಬಹುದಿತ್ತು. ವಿಜ್ಞಾನದ ಪದವೀಧರೆ. ಆದರೆ ಚೆಂಡುಹೂ ಮುಡಿದು ಕೂತ ಆ ಪೆಟ್ಟಿಗೆಯ ಮುಂದೆ ನನ್ನ ಕೈ ಮತ್ತೆ ಏಳಲಿಲ್ಲ. ಬಿ.ಎಸ್ಸಿ. ಓದಿದ ಕೈಯೂ ಅದೇ, ಹೆಮ್ಮಿಗೆಯಲ್ಲಿ ಚಿಕ್ಕಂದಿನಿಂದ ಕುಡುಗೋಲಿಗೆ ಕುಂಕುಮ ಇಟ್ಟ ಕೈಯೂ ಅದೇ. ಮಂಗಳಾರತಿ ತೆಗೆದುಕೊಂಡು ಕಡಲೆಪುರಿ ತಿಂದು ಮನೆಗೆ ಬಂದೆ.

ಹಬ್ಬಕ್ಕೆ ಮಗುವನ್ನು ಕರೆದುಕೊಂಡು ಹೆಮ್ಮಿಗೆಗೆ ಹೋದೆ. ಅವ್ವ ಗುದ್ದಲಿ, ಕುಡುಗೋಲು ತೊಳೆದು ಸಾಲಾಗಿ ಜೋಡಿಸಿದ್ದಳು. ನನ್ನ ಮುಖ ನೋಡಿ, ಅಳಿಯನ ಜೊತೆ ಏನೋ ಆಗಿದೆ ಎಂದುಕೊಂಡಳು. ಅಲ್ಲವೆಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಒಂದು ಪೆಟ್ಟಿಗೆ, ಅದರೊಳಗೆ ಇಲ್ಲದ ನಾಲ್ಕು ಪೆಟ್ಟಿಗೆ, ದಿಢೀರನೆ ಆರಿಸಿದ್ದರಿಂದ ಅವು ಏಳುತ್ತವೋ ಇಲ್ಲವೋ ಗೊತ್ತಿಲ್ಲ, ಏಳದಿದ್ದರೆ ಡಿಗ್ರಿ ಹೋಯಿತು. ಅವ್ವ ಪೂರಾ ಕೇಳಿ, "ಇಲ್ದಿರೋ ಮಿಸೀನ್ಗೆಲ್ಲ ಯಾಕವ್ವ ಇಷ್ಟು ಸಂಕಟ ಬೀಳೀಯ? ಇರೋದು ನೆಟ್ಗಿದ್ರೆ ಸಾಕು. ಏಳು, ಉಣ್ಣು" ಎಂದು ಎಲೆ ಹಾಕಿದಳು. ಉಂಡೆ. ಆದರೆ ಅವತ್ತು ಏನು ಪಾಯಸ ಮಾಡಿದ್ದಳೆಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಪೂಜೆ ಎತ್ತಿದ ದಿನ ಎಲ್ಲರಿಗಿಂತ ಮುಂಚೆ ಹೋಗಿ ಸ್ವಿಚ್ಚು ಒತ್ತಿದೆ. ಹೆಡತಲೆ ಎದ್ದಿತು. ಆದರೆ ಅದು ಓದಿಟ್ಟ ಪುಟಗಳ ಬುಟ್ಟಿ ಬರಿದು. ಸೋಸಲೆ ಅರ್ಧ ಎದ್ದು ಮತ್ತೆ ಮಲಗಿತು. ಹುಲ್ಲಹಳ್ಳಿ, ಹೆಮ್ಮಿಗೆ ಏಳಲೇ ಇಲ್ಲ. ನಿನ್ನೆಗೆ ಹೋಗುವ ಗುಂಡಿ ಇದೆಯಲ್ಲ ಎಂದು ಒತ್ತಿದರೆ, ಹಾಗೆ ಹಿಡಿದಿಟ್ಟ ಸ್ಥಿತಿಗಳನ್ನೂ ನಾನು ಅದೇ ಪೆಟ್ಟಿಗೆಯ ಡಿಸ್ಕಿನಲ್ಲಿ ಇಟ್ಟಿದ್ದೆ, ಅವೂ ಕೆಟ್ಟಿದ್ದವು. ಬಸ್ಸಿನಲ್ಲಿ ಒಯ್ದಿದ್ದ ಅಂಗೈಯಗಲದ ಡಿಸ್ಕನ್ನೋ, ಜಾಗ ಬೇಕೆಂದು ಆಗಲೇ ಅಳಿಸಿದ್ದೆ. ಮನೆಗೆ ಬೀಗ ಹಾಕಿ, ಎರಡನೆಯ ಕೀಲಿಕೈಯನ್ನು ಮನೆಯೊಳಗೇ ಭದ್ರವಾಗಿ ಇಟ್ಟ ಜಾಣೆ ನಾನು. ನಾಲ್ಕು ಮಷಿನ್ನಿದ್ದರೆ ಒಂದಕ್ಕೆ ಇನ್ನೊಂದು ಆಗುತ್ತದೆ ನಿಜ. ಆದರೆ ನಾಲ್ಕೂ ಒಂದೇ ಸೂರಿನಡಿ ಇದ್ದರೆ ಸೂರು ಬಿದ್ದಾಗ ಯಾರಿಗೆ ಯಾರು? ಇಷ್ಟು ಸರಳ ಮಾತನ್ನು ತಿಳಿಯಲು ನನಗೆ ಒಂದು ಮಂಗಳಾರತಿ ಬೇಕಾಯಿತು.

ಅಳು ಬರುವ ಹೊತ್ತಿಗೆ ಶೈಲಜಾಳ "ಇಷ್ಟೇಯೇನೇ?" ನೆನಪಾಯಿತು. ಅವಳ ಕಂಪ್ಯೂಟರಿನಲ್ಲಿ ನಾನು ಜಂಬಕ್ಕೆ ಹಾಕಿಬಂದ ನಕಲು! ಕೂಡಲೇ ಫೋನ್ ಮಾಡಿದೆ.

"ಅದನ್ನ ಅಳಿಸಿಬಿಟ್ಯಾ?"

"ಅಳಿಸ್ಬೇಕು ಅಂತಿದ್ದೆ ಕಣೇ, ಎಲ್ಲಿ ಟೈಮು? ಸುಮ್ನೆ ಜಾಗ ತಿಂತಾ ಕೂತವೆ ನಿನ್ನ ಊರುಗಳು."

ಅವಳ ಸೋಮಾರಿತನಕ್ಕೆ ಕೈಮುಗಿದು ಮೊದಲ ಬಸ್ಸಿಗೇ ನರಸೀಪುರಕ್ಕೆ ಓಡಿದೆ. ಈ ಸಲ ನಾಲ್ಕನ್ನೂ ಎತ್ತಿಕೊಂಡು ಬರಲಿಲ್ಲ. ಹುಲ್ಲಹಳ್ಳಿ, ಹೆಡತಲೆ ಮಾತ್ರ ಡಿಸ್ಕಿಗೆ ಹಾಕಿಕೊಂಡು ನಂಜನಗೂಡಿಗೆ ತಂದೆ. ಹೆಮ್ಮಿಗೆ, ಸೋಸಲೆಯನ್ನು ಅಲ್ಲೇ ಬಿಟ್ಟೆ. ಅವರವರ ತಾಲ್ಲೂಕಿನಲ್ಲಿ ಅವರವರು. ಎರಡು ಪೆಟ್ಟಿಗೆಗಳ ನಡುವೆ ಇಂಟರ್‌ನೆಟ್ಟಿನ ದಾರಿ ಹಾಕಿ, ಯಾವ ಪುಟ ಯಾರ ಬಳಿ ಇದೆ ಎಂಬ ತಿಳಿವಳಿಕೆ ಎರಡೂ ಕಡೆ ಇರುವಂತೆ ಮಾಡಿದೆ. ಓದಿದ ಪುಟಗಳೆಲ್ಲ ಹೋಗಿದ್ದವು, ಮೊದಲಿನಿಂದ ಶುರು. ಪುಸ್ತಕಗಳೆಲ್ಲ ವೈವಾದೊಳಗೆ ಮುಗಿಯುವುದಿಲ್ಲ ಎಂಬುದು ಖಚಿತವಾಯಿತು. ಅನನುಕೂಲದ ಚಿಕ್ಕ ಅಧ್ಯಾಯ ಹರಿದು ದೊಡ್ಡದಾಗಿ ಬರೆದೆ. ದಪ್ಪ ಅಕ್ಷರದ ಸಾಲನ್ನು ತೆಗೆದೆ.

ವೈವಾ ನಮ್ಮ ಲ್ಯಾಬಿನಲ್ಲೇ ನಡೆಯಿತು. ಮೈಸೂರಿನಿಂದ ಬಂದ ಪರೀಕ್ಷಕಿ ಮಾತು ಕಡಿಮೆಯ ಮೇಡಂ. ವರದಿ ತಿರುವಿ ಹಾಕಿ, "ಪುಟಗಳು ಪೂರ್ತಿ ಆಗಿಲ್ವಲ್ಲ?" ಎಂದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಕುಂಕುಮ, ಸ್ವಿಚ್ಚು, ಪುರಿ ಯಾವುದನ್ನೂ ಬಿಡಲಿಲ್ಲ. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ಈಗ ಒಂದು ನಿಲ್ಸಿದ್ರೆ?"

ನಾಲಿಗೆಯ ತುದಿಗೆ ಬಂದ "ಯಾವುದಾದ್ರೂ ಸರಿ" ಎಂಬ ಮಾತನ್ನು ನುಂಗಿದೆ. ಶೈಲಜಾಗೆ ಫೋನ್ ಮಾಡಿ ಸ್ಪೀಕರ್ ಹಾಕಿ, ಬಾಗಿಲಲ್ಲಿ ಇಣುಕುತ್ತಿದ್ದ ಸಿದ್ದರಾಜುವನ್ನು ಕರೆದೆ. "ಅವತ್ತು ಮಾಡ್ದಂಗೇ ಮಾಡು." ಅವನು ಹಿಂದೆಯೇ ಬಂದು ನಿಂತಿದ್ದ ಮಹದೇವಪ್ಪನವರ ಮುಖ ನೋಡಿದ. ಅವರು ಪರೀಕ್ಷಕಿಯ ಮುಖ ನೋಡಿದರು. ಸ್ವಿಚ್ಚು ಆರಿತು. ಗುಂಯ್ ಸದ್ದು ನಿಂತಿತು. ಫೋನಿನಲ್ಲೂ ಸದ್ದಿಲ್ಲ.

"ಶೈಲಜಾ?"

"ಇರೇ... ಏನೂ ಬರ್ತಿಲ್ಲ... ಹಾಂ, ಬಂತು! ಹುಲ್ಲಹಳ್ಳಿ ಕೈಲಿದ್ದ ಪುಟ ಹೆಮ್ಮಿಗೆಗೆ ಬಂತು ಕಣೇ. ಇನ್ನೊಂದೂ ಬಂತು. ಸೋಸಲೆ ತಗೊಳ್ತು."

ಪರೀಕ್ಷಕಿ ತಲೆಯಾಡಿಸಿ ಏನೋ ಬರೆದುಕೊಂಡರು. "ಅನನುಕೂಲದ ಬಗ್ಗೆ ಎಲ್ಲರೂ ಪುಸ್ತಕದಿಂದ ಬರೀತಾರೆ. ನೀವು ಅನುಭವಿಸಿ ಬರ್ದಿದೀರಿ. ಆಯ್ತು, ಪಾಸ್" ಎಂದರು. ಮಹದೇವಪ್ಪನವರು ಹೊರಗೆ ಕಾರಿಡಾರಿನಲ್ಲಿ ನಿಂತು ಪ್ರಿನ್ಸಿಪಾಲರಿಗೆ ಹೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ನಾ ಅವತ್ತೇ ಯೋಳಿದ್ನಲ್ಲ ಸಾ, ಈ ಹುಡ್ಗಿ ಬುಡಾಕಿಲ್ಲ ಅಂತ." ಅವರ ಭವಿಷ್ಯಗಳಲ್ಲಿ ಇದೂ ಸರಿಯಾದದ್ದರ ಪಟ್ಟಿಗೆ ಸೇರಿತು. ನಾನು ತಿದ್ದಲು ಹೋಗಲಿಲ್ಲ.

ಪದವಿಪತ್ರ ಕಾಲೇಜಿಗೇ ಬಂತು. ಹೆಮ್ಮಿಗೆಯಿಂದ ಅವ್ವನೂ ಬೆಳಗಿನ ಬಸ್ಸಿಗೆ ಬಂದಳು. ಅಂಚಿನ ಸೀರೆ ಉಟ್ಟಿದ್ದಳು, ಪ್ರಿನ್ಸಿಪಾಲರ ಕೋಣೆಯ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪ್ರಿನ್ಸಿಪಾಲರು ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟರು. ನಾನು ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಕಣ್ಣಾಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು, ಸ್ಟೇಟಸ್ಸಿಗೆ ಹಾಕಿ, ಅವ್ವನ ಕೈಗಿತ್ತೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಈಸಿಕೊಂಡು, ಮೇಲಿನ ಸಾಲಿನಿಂದ ಒಂದೊಂದೇ ಅಕ್ಷರದ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ ಬೆರಳು ಸರಿಸತೊಡಗಿದಳು. ಸ್ಟೇಟಸ್ಸಿಗೆ ಮೆಚ್ಚುಗೆಗಳು ಬರುತ್ತಿದ್ದವು. ಹೊರಗೆ ಸ್ವೀಟು ಹಂಚಬೇಕಿತ್ತು. "ಕೊಡವ್ವ, ನೋಡಿ ಆಯ್ತಲ್ಲ, ಮಡಿಕೆ ಬೀಳುತ್ತೆ, ಕವರಿಗೆ ಹಾಕ್ತೀನಿ" ಎಂದು ಕೈ ಚಾಚಿದೆ.

ಅವ್ವ ಕಾಗದದಿಂದ ತಲೆ ಎತ್ತಲಿಲ್ಲ. "ಇರವ್ವ, ಆತುರ ಬೀಳ್ಬ್ಯಾಡ. ನೀನಾದ್ರೆ ಓದ್ದೋಳು, ಒಂದೇ ಗಳಿಗೇಲಿ ನೋಡ್ಬುಟ್ಟೆ. ನಂಗೆ ಓದಾಕೆ ಬರಾಕಿಲ್ವಲ್ಲ, ವಸಿ ವೊತ್ತಾಯ್ತದೆ."